14ನೇ ಸೀಟು ಯಾರದು? ಎಂಟರ್‌ಪ್ರೈಸ್ ವೆಬ್ ಪುಸ್ತಕವನ್ನು ಓದುವ ಬಗೆ

ಶುಕ್ರವಾರ ರಾತ್ರಿ ಬೆಂಗಳೂರಿನಿಂದ ಶಿರಸಿಗೆ ಹೊರಡುವ ಬಸ್ಸಿನಲ್ಲಿ ಒಂದೇ ಒಂದು ಸೀಟು ಉಳಿದಿದೆ ಎಂದುಕೊಳ್ಳಿ. ಕಿಟಕಿ ಪಕ್ಕದ 14. ರಾಜಾಜಿನಗರದಲ್ಲಿ ಒಬ್ಬರು, ಎಲೆಕ್ಟ್ರಾನಿಕ್ ಸಿಟಿಯಲ್ಲಿ ಇನ್ನೊಬ್ಬರು, ಒಂದೇ ಹೊತ್ತಿಗೆ ಮೊಬೈಲಿನಲ್ಲಿ ಆ ಸೀಟನ್ನು ಒತ್ತುತ್ತಾರೆ. ಇಬ್ಬರ ಪರದೆಯಲ್ಲೂ ಅದು ಖಾಲಿ ಎಂದೇ ತೋರಿಸುತ್ತಿದೆ. ಇಬ್ಬರೂ ದುಡ್ಡು ಕಟ್ಟುತ್ತಾರೆ. ಸೀಟು ಯಾರದು?

ಕಾಲೇಜಿನ ಪ್ರಾಜೆಕ್ಟಿನಲ್ಲಿ ಈ ಪ್ರಶ್ನೆ ಏಳುವುದೇ ಇಲ್ಲ. ಅಲ್ಲಿ ಬಳಸುವವರು ಒಬ್ಬರೇ, ಬರೆದವರೂ ಅವರೇ. ಫಾರ್ಮ್ ತುಂಬಿದರು, ಡೇಟಾಬೇಸಿಗೆ ಹೋಯಿತು, ಪಟ್ಟಿಯಲ್ಲಿ ಕಾಣಿಸಿತು, ಅಂಕ ಬಂತು. ಎಂಟರ್‌ಪ್ರೈಸ್ ಎಂಬ ಮಾತಿಗೆ ಅರ್ಥ ಬರುವುದು ಅದರಾಚೆಗೆ. ಸಾವಿರಾರು ಜನ ಒಟ್ಟಿಗೆ ಬಂದಾಗ, ನಡುವೆ ದುಡ್ಡು ಓಡಾಡುವಾಗ, ಕೆಲಸ ಅರ್ಧ ಆಗಿದ್ದಾಗಲೇ ಸರ್ವರ್ ನಿಂತುಹೋದಾಗ, ಬರೆದವರು ಬೇರೆ ಕಂಪನಿಗೆ ಹೋದ ಮೇಲೂ ಅದೇ ಕೋಡು ಹತ್ತು ವರ್ಷ ನಡೆಯಬೇಕಾದಾಗ.

ಈ ವಿಷಯದ ಪಠ್ಯಪುಸ್ತಕಗಳು ದಪ್ಪ. ಸರ್ವ್‌ಲೆಟ್, ಸೆಷನ್, ಫಿಲ್ಟರ್, ಕನೆಕ್ಷನ್ ಪೂಲ್, ಟ್ರಾನ್ಸಾಕ್ಷನ್, ಡಿಪೆಂಡೆನ್ಸಿ ಇಂಜೆಕ್ಷನ್ ಎಂದು ಒಂದರ ಹಿಂದೊಂದು ಅಧ್ಯಾಯ. ನನ್ನ ತಂಡಕ್ಕೆ ಹೊಸದಾಗಿ ಸೇರಿದವರು ಇಂಥ ಪುಸ್ತಕವನ್ನು ಮೊದಲ ಪುಟದಿಂದ ಶ್ರದ್ಧೆಯಿಂದ ಶುರು ಮಾಡುತ್ತಾರೆ, ನೂರೈವತ್ತನೇ ಪುಟದ ಹೊತ್ತಿಗೆ ಬಿಟ್ಟುಬಿಡುತ್ತಾರೆ. ತಲೆಗೆ ಹತ್ತುತ್ತಿಲ್ಲ ಎಂದು ತಮ್ಮನ್ನೇ ಹಳಿದುಕೊಳ್ಳುತ್ತಾರೆ. ಅದನ್ನು ನೋಡಿದಾಗಲೆಲ್ಲ ನನಗೆ ಬೇಸರವಾಗುತ್ತದೆ, ಯಾಕೆಂದರೆ ಕೊರತೆ ಅವರ ತಲೆಯಲ್ಲಿಲ್ಲ. ಪುಸ್ತಕ ಉತ್ತರಗಳನ್ನು ಸಾಲಾಗಿ ಜೋಡಿಸಿಟ್ಟಿರುತ್ತದೆ. ಪ್ರಶ್ನೆ ಏನಿತ್ತು ಎನ್ನುವುದು ಓದುವವರಿಗೆ ಮೊದಲೇ ಗೊತ್ತಿದೆ ಎಂದುಕೊಂಡಿರುತ್ತದೆ. ಒಂದೊಂದು ಅಧ್ಯಾಯದ ಹಿಂದೆಯೂ ಯಾರೋ ಎಡವಿ ಬಿದ್ದ ಜಾಗವೊಂದಿದೆ. ಅದೇ ಜಾಗದಲ್ಲಿ ನಾವೂ ಒಮ್ಮೆ ಬೇಕೆಂದೇ ಎಡವಿ ನೋಡಿ, ಆಮೇಲೆ ಅಧ್ಯಾಯ ತೆರೆದರೆ ಪ್ರತಿ ಸಾಲೂ ನಮ್ಮ ಗಾಯಕ್ಕೇ ಬರೆದಂತೆ ಕಾಣುತ್ತದೆ. ಆ 14ನೇ ಸೀಟನ್ನೇ ಹಿಡಿದುಕೊಂಡು ಕೆಲವು ಅಧ್ಯಾಯಗಳನ್ನು ಹಾಗೆ ಓದಿ ತೋರಿಸುತ್ತೇನೆ. ಭಾಷೆ ಜಾವಾ, ಯಾಕೆಂದರೆ ನಾನು ವರ್ಷಗಳಿಂದ ಕೈಯಾಡಿಸಿರುವುದು ಅದರಲ್ಲಿ. ಸಮಸ್ಯೆಗಳು ಮಾತ್ರ ಯಾವ ಭಾಷೆಯಲ್ಲಿ ಬರೆದರೂ ಇವೇ.

ಪುಸ್ತಕಗಳು ಇಷ್ಟು ದಪ್ಪವಾದದ್ದು ಹೇಗೆ

ಸನ್ ಮೈಕ್ರೋಸಿಸ್ಟಮ್ಸ್ ಕಂಪನಿ 1999ರ ಡಿಸೆಂಬರಿನಲ್ಲಿ ಜೆ2ಇಇ ಎಂಬ ಹೆಸರಿನಲ್ಲಿ ಒಂದು ದೊಡ್ಡ ಕಟ್ಟನ್ನು ಹೊರತಂದಿತು. ದೊಡ್ಡ ಸಂಸ್ಥೆಗಳ ವೆಬ್ ಅಪ್ಲಿಕೇಶನ್‌ಗೆ ಬೇಕಾದದ್ದೆಲ್ಲ ಅದರಲ್ಲಿ ಇರಬೇಕು ಎಂಬುದು ಆಸೆ. ಇತ್ತು ಕೂಡ. ಆದರೆ ಅಂದಿನ ಎಂಟರ್‌ಪ್ರೈಸ್ ಜಾವಾ ಬೀನ್ ಒಂದನ್ನು, ಅಂದರೆ ವ್ಯವಹಾರದ ಕೆಲಸ ಮಾಡುವ ಕೋಡಿನ ಒಂದು ತುಂಡನ್ನು ಬರೆಯಲು ಎರಡು ಇಂಟರ್‌ಫೇಸ್, ಒಂದು ಕ್ಲಾಸ್, ಅದರ ಜೊತೆಗೊಂದು ಎಕ್ಸ್‌ಎಂಎಲ್ ಫೈಲು ಬೇಕಾಗುತ್ತಿತ್ತು. ಹೇಳಬೇಕಾದ ಮಾತು ಒಂದು ಸಾಲಿನದು, ಪೀಠಿಕೆ ನಾಲ್ಕು ಫೈಲಿನದು. ಪುಸ್ತಕಗಳು ಉಬ್ಬಿದ್ದು ಹೀಗೆ.

ಕುತೂಹಲದ ಸಂಗತಿಯೆಂದರೆ ಈ ಲೋಕದ ಎರಡು ದೊಡ್ಡ ಹೆಸರುಗಳಿಗೆ ಪುಸ್ತಕದ ನಂಟಿದೆ. ಜಾವಾ ವೆಬ್ ಅಪ್ಲಿಕೇಶನ್‌ಗಳನ್ನು ನಡೆಸುವ ಟಾಮ್‌ಕ್ಯಾಟ್ ಸರ್ವರನ್ನು ಮೊದಲು ಬರೆದ ಜೇಮ್ಸ್ ಡಂಕನ್ ಡೇವಿಡ್‌ಸನ್, ಮುಂದೊಂದು ದಿನ ಇದರ ಬಗ್ಗೆ ಓರೈಲಿ ಪ್ರಕಾಶನದ ಪುಸ್ತಕ ಬರಬಹುದು ಎಂದು ಆಸೆಪಟ್ಟರು. ಆ ಪ್ರಕಾಶನದ ಮುಖಪುಟದಲ್ಲಿ ಪ್ರಾಣಿಯ ಚಿತ್ರವಿರುವುದು ವಾಡಿಕೆ. ತನ್ನ ಪಾಡು ತಾನು ನೋಡಿಕೊಳ್ಳಬಲ್ಲ ಪ್ರಾಣಿ ಯಾವುದೆಂದು ಯೋಚಿಸಿ ಗಂಡು ಬೆಕ್ಕಿನ ಹೆಸರಿಟ್ಟರು. ಇನ್ನೊಂದು ಸ್ಪ್ರಿಂಗ್. 2002ರಲ್ಲಿ ರಾಡ್ ಜಾನ್ಸನ್ ಜೆ2ಇಇ ಬಗ್ಗೆ ಒಂದು ಪುಸ್ತಕ ಬರೆದು, ಇಷ್ಟೆಲ್ಲ ಭಾರ ಹೊರದೆಯೂ ಇದೇ ಕೆಲಸ ಮಾಡಬಹುದು ಎಂದು ಸುಮಾರು 30,000 ಸಾಲು ಕೋಡಿನಲ್ಲಿ ತೋರಿಸಿದರು. ಓದಿದವರಲ್ಲಿ ಯುರ್ಗನ್ ಹೋಲರ್ ಮತ್ತು ಯಾನ್ ಕ್ಯಾರಫ್ ಎಂಬಿಬ್ಬರು ಆ ಕೋಡನ್ನು ಎಲ್ಲರಿಗೂ ತೆರೆದಿಡೋಣ ಎಂದು ಅವರನ್ನು ಒಪ್ಪಿಸಿದರು. 2004ರ ಮಾರ್ಚಿನಲ್ಲಿ ಸ್ಪ್ರಿಂಗ್ 1.0 ಬಂತು. ಇಂದು ಬೆಂಗಳೂರಿನ ಎಷ್ಟೋ ಕಚೇರಿಗಳಲ್ಲಿ ನಡೆಯುತ್ತಿರುವ ಈ ಚೌಕಟ್ಟು ಪಠ್ಯಪುಸ್ತಕದ ಉದಾಹರಣೆಯ ಕೋಡಿನಿಂದ ಬೆಳೆದದ್ದು. ಪುಸ್ತಕವನ್ನು ಕೈಯಾರೆ ಕೋಡು ಬರೆಯುತ್ತ ಓದುವುದು ಎಷ್ಟು ದೂರ ಹೋಗಬಲ್ಲದು ಎಂಬುದಕ್ಕೆ ನನಗೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಗೊತ್ತಿಲ್ಲ.

ಚಪ್ಪಲಿ ಸ್ಟ್ಯಾಂಡಿನ ಟೋಕನ್

ಮೊದಲ ಅಧ್ಯಾಯಗಳು ಎಚ್‌ಟಿಟಿಪಿ ಮತ್ತು ಸೆಷನ್. ಎಚ್‌ಟಿಟಿಪಿ ಎಂದರೆ ಬ್ರೌಸರ್ ಮತ್ತು ಸರ್ವರ್ ಮಾತಾಡಿಕೊಳ್ಳುವ ನಿಯಮ, ಅದಕ್ಕೆ ನೆನಪಿನ ಶಕ್ತಿ ಇಲ್ಲ. ಬ್ರೌಸರ್ ಕೇಳುತ್ತದೆ, ಸರ್ವರ್ ಕೊಡುತ್ತದೆ, ಅಲ್ಲಿಗೆ ಮುಗಿಯಿತು. ಮುಂದಿನ ಸಲ ಕೇಳಿದಾಗ ಇವರು ಈಗಷ್ಟೇ ಲಾಗಿನ್ ಆದವರು ಎಂಬುದು ಸರ್ವರಿಗೆ ತಾನಾಗಿ ತಿಳಿಯುವುದಿಲ್ಲ. ಈ ಕೊರತೆಗೆ 1994ರಲ್ಲಿ ನೆಟ್‌ಸ್ಕೇಪ್‌ನ ಲೂ ಮಾಂಟುಲಿ ಕುಕೀ ಎಂಬ ದಾರಿ ಹುಡುಕಿದರು.

ದೇವಸ್ಥಾನದ ಚಪ್ಪಲಿ ಸ್ಟ್ಯಾಂಡನ್ನು ನೆನೆಸಿಕೊಳ್ಳಿ. ಚಪ್ಪಲಿ ಇರುವುದು ಅವರ ಕಪಾಟಿನಲ್ಲಿ, ನಮ್ಮ ಕೈಯಲ್ಲಿರುವುದು ಅಂಕಿ ಬರೆದ ಟೋಕನ್ ಮಾತ್ರ. ಸೆಷನ್ ಹಾಗೆಯೇ. ನಿಮ್ಮ ಹೆಸರು, ನೀವು ಆರಿಸಿದ ಸೀಟು, ಪ್ರಯಾಣದ ದಿನ ಎಲ್ಲ ಸರ್ವರಿನ ಮೆಮೊರಿಯಲ್ಲಿ ಇರುತ್ತದೆ. ಬ್ರೌಸರಿನಲ್ಲಿರುವ ಕುಕೀ, ಜಾವಾ ಸರ್ವರುಗಳಲ್ಲಿ ಜೆಸೆಷನ್‌ಐಡಿ ಎಂಬ ಹೆಸರಿನದು, ಬರೀ ಟೋಕನ್. ಈ ಹೋಲಿಕೆಯನ್ನು ಹಿಡಿದು ಹೋದರೆ ಪುಸ್ತಕದ ಮುಂದಿನ ಮೂರ್ನಾಲ್ಕು ವಿಷಯ ತಾವಾಗಿ ಬಿಡಿಸಿಕೊಳ್ಳುತ್ತವೆ. ನಿಮ್ಮ ಟೋಕನ್ ಬೇರೆಯವರ ಕೈಗೆ ಸಿಕ್ಕರೆ ಚಪ್ಪಲಿ ಅವರದು, ಆದ್ದರಿಂದಲೇ ಆ ಕುಕೀ ಎಚ್‌ಟಿಟಿಪಿಎಸ್ ಮೇಲೆ ಮಾತ್ರ ಹೋಗಬೇಕು, ಪುಟದ ಜಾವಾಸ್ಕ್ರಿಪ್ಟಿನ ಕೈಗೆ ಸಿಗಬಾರದು. ವಾರಗಟ್ಟಲೆ ಯಾರೂ ಬರದ ಚಪ್ಪಲಿಯನ್ನು ಸ್ಟ್ಯಾಂಡಿನವರು ಇಟ್ಟುಕೊಳ್ಳುವುದಿಲ್ಲ, ಟಾಮ್‌ಕ್ಯಾಟ್ ಕೂಡ ಬೇರೇನೂ ಹೇಳದಿದ್ದರೆ ಸುಮ್ಮನೆ ಬಿದ್ದ ಸೆಷನ್ನನ್ನು 30 ನಿಮಿಷಕ್ಕೆ ತೆಗೆದುಹಾಕುತ್ತದೆ. ಜಾತ್ರೆಯ ದಿನ ಉತ್ತರ ಬಾಗಿಲಲ್ಲೊಂದು ದಕ್ಷಿಣ ಬಾಗಿಲಲ್ಲೊಂದು ಸ್ಟ್ಯಾಂಡ್ ಹಾಕಿದರೆ? ಉತ್ತರದ ಟೋಕನ್ ದಕ್ಷಿಣದಲ್ಲಿ ನಡೆಯುವುದಿಲ್ಲ. ಸರ್ವರ್ ಎರಡಾದ ದಿನ ಆಗುವುದೂ ಅದೇ, ಜನ ಕಾರಣವಿಲ್ಲದೆ ಲಾಗ್‌ಔಟ್ ಆಗತೊಡಗುತ್ತಾರೆ. ಆಗ ಒಬ್ಬರನ್ನು ಯಾವಾಗಲೂ ಅದೇ ಬಾಗಿಲಿಗೆ ಕಳಿಸಬೇಕು, ಇಲ್ಲವೇ ಎರಡೂ ಸ್ಟ್ಯಾಂಡಿಗೆ ಸೇರಿದ ಒಂದೇ ಕಪಾಟು, ಅಂದರೆ ರೆಡಿಸ್ ಅಥವಾ ಡೇಟಾಬೇಸಿನಂಥ ಸಾಮಾನ್ಯ ಜಾಗ ಬೇಕು.

ಎಡವಿ ನೋಡುವುದು ಸುಲಭ. ಲಾಗಿನ್ ಆಗಿ, ಬ್ರೌಸರಿನ ಡೆವಲಪರ್ ಟೂಲ್ಸ್ ತೆರೆದು ಆ ಕುಕೀಯನ್ನು ಅಳಿಸಿ, ಪುಟವನ್ನು ಮತ್ತೆ ತೆರೆಯಿರಿ. ನೀವು ಯಾರೆಂದು ಸರ್ವರ್ ಮರೆತಿರುತ್ತದೆ. ನಿಮ್ಮ ಸೆಷನ್ ಮಾತ್ರ ಇನ್ನೂ ಕಪಾಟಿನಲ್ಲೇ ಇದೆ, ಟೋಕನ್ ಕಳೆದಿದೆ ಅಷ್ಟೆ.

ಒಬ್ಬರ ಹೆಸರು ಇನ್ನೊಬ್ಬರ ರಸೀದಿಯಲ್ಲಿ

ಸರ್ವ್‌ಲೆಟ್ ಎಂದರೆ ಬಂದ ರಿಕ್ವೆಸ್ಟಿಗೆ ಉತ್ತರ ಕೊಡುವ ಜಾವಾ ಕ್ಲಾಸ್, ಅದನ್ನು ನಡೆಸುವ ಟಾಮ್‌ಕ್ಯಾಟ್‌ನಂಥದ್ದು ಕಂಟೇನರ್, ಒಂದೇ ಹೊತ್ತಿಗೆ ಓಡುವ ಕೆಲಸದ ಒಂದೊಂದು ಎಳೆ ಥ್ರೆಡ್. ಸರ್ವ್‌ಲೆಟ್ ಅಧ್ಯಾಯದಲ್ಲಿ ಒಂದು ವಾಕ್ಯ ಇರುತ್ತದೆ: ಕಂಟೇನರ್ ಒಂದು ಸರ್ವ್‌ಲೆಟ್‌ಗೆ ಒಂದೇ ಆಬ್ಜೆಕ್ಟ್ ಸೃಷ್ಟಿಸುತ್ತದೆ, ಬರುವ ಪ್ರತಿ ರಿಕ್ವೆಸ್ಟ್ ಬೇರೆ ಬೇರೆ ಥ್ರೆಡ್ಡಿನಲ್ಲಿ ಆ ಒಂದೇ ಆಬ್ಜೆಕ್ಟಿನ ಮೇಲೆ ಓಡುತ್ತದೆ. ನಾನು ಓದುವಾಗ ಈ ವಾಕ್ಯಕ್ಕೆ ಗೆರೆ ಕೂಡ ಎಳೆದಿದ್ದೆ. ಆದರೂ ಮೊದಲ ಕೆಲಸದಲ್ಲಿ ಗ್ರಾಹಕರ ಹೆಸರನ್ನು ಕ್ಲಾಸಿನ ಫೀಲ್ಡಿನಲ್ಲಿ ಇಟ್ಟೆ. ನಾನೊಬ್ಬನೇ ಕೂತು ಪರೀಕ್ಷಿಸಿದಾಗ ಎಲ್ಲ ಸರಿಯಿತ್ತು. ಜನ ಬಳಸತೊಡಗಿದ ಮೊದಲ ಸೋಮವಾರವೇ ಒಬ್ಬರ ರಸೀದಿಯಲ್ಲಿ ಇನ್ನೊಬ್ಬರ ಹೆಸರು ಬಂತು. ಎರಡು ದಿನ ಹುಡುಕಿದೆವು, ಸಿಗಲಿಲ್ಲ, ಯಾಕೆಂದರೆ ನಮ್ಮ ಮೇಜಿನ ಮೇಲೆ ಅದು ಒಮ್ಮೆಯೂ ಆಗಲಿಲ್ಲ. ಪರರ ವಿವರ ತನ್ನ ಕೈಗೆ ಬಂದಿದೆ, ತನ್ನದು ಯಾರ ಕೈಗೆ ಹೋಯಿತೋ ಎಂದು ಆ ಗ್ರಾಹಕರು ಫೋನಿನಲ್ಲಿ ಕೇಳಿದ್ದು ಇನ್ನೂ ನೆನಪಿದೆ.

ನೀವು ಮಾಡಿ ನೋಡಬೇಕಾದದ್ದು ಇಷ್ಟು. ಸರ್ವ್‌ಲೆಟ್ ಅಥವಾ ಕಂಟ್ರೋಲರ್ ಕ್ಲಾಸಿನಲ್ಲಿ ಹೆಸರು ಎಂಬ ಫೀಲ್ಡ್ ಇಡಿ. ಬಂದ ಹೆಸರನ್ನು ಅದರಲ್ಲಿ ತುಂಬಿ, ಹತ್ತು ಸೆಕೆಂಡ್ ಥ್ರೆಡ್ಡನ್ನು ಮಲಗಿಸಿ, ಆಮೇಲೆ ಅದೇ ಫೀಲ್ಡನ್ನು ಓದಿ ಪುಟದಲ್ಲಿ ತೋರಿಸಿ. ಒಂದು ಬ್ರೌಸರಿನಿಂದ ಗಿರಿಜಾ ಎಂದು ಕಳಿಸಿ, ಐದು ಸೆಕೆಂಡ್ ಬಿಟ್ಟು ಇನ್ನೊಂದರಿಂದ ಮಂಜುನಾಥ ಎಂದು ಕಳಿಸಿ. ಎರಡು ಬೇರೆ ಬೇರೆ ಬ್ರೌಸರ್ ಬಳಸಿ. ಒಂದೇ ಬ್ರೌಸರಿನ ಎರಡು ಟ್ಯಾಬ್‌ಗಳಲ್ಲಿ ಒಂದೇ ವಿಳಾಸ ತೆರೆದರೆ ಕೆಲವೊಮ್ಮೆ ಬ್ರೌಸರೇ ಎರಡನೆಯದನ್ನು ತಡೆದು ನಿಲ್ಲಿಸುತ್ತದೆ, ಪ್ರಯೋಗ ಕೆಡುತ್ತದೆ. ಇಬ್ಬರಿಗೂ ಮಂಜುನಾಥ ಎಂದು ಬಂದದ್ದನ್ನು ಕಣ್ಣಾರೆ ನೋಡಿದವರು ಮುಂದೆಂದೂ ಆ ತಪ್ಪು ಮಾಡುವುದಿಲ್ಲ. ಫೀಲ್ಡನ್ನು ಮೆಥಡ್ಡಿನ ಒಳಗಿನ ವೇರಿಯಬಲ್ ಮಾಡಿದರೆ ಸರಿಹೋಗುತ್ತದೆ, ಯಾಕೆಂದರೆ ಅದು ಆಯಾ ಥ್ರೆಡ್ಡಿನ ಸ್ವಂತದ್ದು. ಸ್ಪ್ರಿಂಗ್‌ನ ಕಂಟ್ರೋಲರ್, ಸರ್ವಿಸ್ ಕ್ಲಾಸುಗಳಿಗೂ ಇದೇ ನಿಯಮ, ಅವೂ ಸಾಮಾನ್ಯವಾಗಿ ಒಂದೊಂದೇ ಇರುತ್ತವೆ.

ಥ್ರೆಡ್ಡನ್ನು ಮಲಗಿಸುವ ಈ ಉಪಾಯವನ್ನು ಜೋಪಾನವಾಗಿ ಇಟ್ಟುಕೊಳ್ಳಿ, ಮುಂದೆ ಸೀಟಿನ ಜಗಳದಲ್ಲೂ ಅದೇ ಬೇಕು. ನೂರಾರು ಜನರ ನಡುವೆ ಮಿಲಿಸೆಕೆಂಡಿನಲ್ಲಿ ಆಗಿಹೋಗುವ ಅವಘಡವನ್ನು ಒಬ್ಬರೇ ಕೂತು ನಿಧಾನವಾಗಿ ನೋಡಲು ಇದಕ್ಕಿಂತ ಸುಲಭದ ದಾರಿಯಿಲ್ಲ.

ಹತ್ತು ಬಾಡಿಗೆ ಸೈಕಲ್

ಕನೆಕ್ಷನ್ ಪೂಲ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ಡೇಟಾಬೇಸಿಗೆ ಪ್ರತಿ ಸಲ ಹೊಸ ಕನೆಕ್ಷನ್ ತೆರೆಯುವುದು ದುಬಾರಿ. ಅದಕ್ಕೆ ಕೆಲವನ್ನು ಮೊದಲೇ ತೆರೆದಿಟ್ಟು, ಊರಿನ ಬಾಡಿಗೆ ಸೈಕಲ್ ಅಂಗಡಿಯಂತೆ ಕೇಳಿದವರಿಗೆ ಕೊಟ್ಟು ವಾಪಸು ಪಡೆಯುತ್ತಾರೆ. ಸ್ಪ್ರಿಂಗನ್ನು ಸುಲಭವಾಗಿ ಶುರು ಮಾಡಿಕೊಡುವ ಸ್ಪ್ರಿಂಗ್ ಬೂಟ್ ತಾನಾಗಿ ಬಳಸುವ ಹಿಕಾರಿ ಪೂಲ್‌ನಲ್ಲಿ, ನಾವು ಬದಲಿಸದಿದ್ದರೆ, ಗರಿಷ್ಠ 10 ಕನೆಕ್ಷನ್. ಟಾಮ್‌ಕ್ಯಾಟ್‌ನಲ್ಲಿ ಗರಿಷ್ಠ 200 ಥ್ರೆಡ್. ಇನ್ನೂರು ಜನರಿಗೆ ಹತ್ತು ಸೈಕಲ್ಲೇ ಎಂದು ಗಾಬರಿಯಾಗಬೇಡಿ. ಒಂದು ಕ್ವೆರಿಗೆ 5 ಮಿಲಿಸೆಕೆಂಡ್ ಹಿಡಿದರೆ ಒಂದು ಕನೆಕ್ಷನ್ ಸೆಕೆಂಡಿಗೆ 200 ಕ್ವೆರಿ ಮುಗಿಸುತ್ತದೆ, ಹತ್ತು ಸೇರಿದರೆ 2000. ತೊಂದರೆ ಇರುವುದು ವಾಪಸು ಕೊಡದವರಲ್ಲಿ. ಕನೆಕ್ಷನ್ ಮುಚ್ಚುವ ಸಾಲನ್ನು ಬೇಕೆಂದೇ ತೆಗೆದು ಪುಟವನ್ನು ಹನ್ನೊಂದು ಸಲ ತೆರೆದು ನೋಡಿ. ಹತ್ತು ಸಲ ಚೆನ್ನಾಗಿ ಬಂದದ್ದು ಹನ್ನೊಂದನೆಯ ಸಲ ಸುಮ್ಮನೆ ಸುತ್ತುತ್ತ ನಿಂತು, 30 ಸೆಕೆಂಡಿನ ಮೇಲೆ ಎರರ್ ಕೊಡುತ್ತದೆ. ಬೆಳಿಗ್ಗೆ ಸರಿಯಿದ್ದು ಮಧ್ಯಾಹ್ನಕ್ಕೆ ನಿಂತುಹೋಗುವ, ರೀಸ್ಟಾರ್ಟ್ ಮಾಡಿದೊಡನೆ ಸರಿಹೋಗುವ ಸೈಟುಗಳ ಹಿಂದೆ ಈ ಸೋರಿಕೆ ಇರುವುದನ್ನು ನಾನು ಹಲವು ಸಲ ನೋಡಿದ್ದೇನೆ.

ಸೀಟಿನ ಜಗಳ

ಈಗ 14ನೇ ಸೀಟು. ಎಲ್ಲರೂ ಮೊದಲು ಬರೆಯುವ ಕೋಡು ಹೀಗಿರುತ್ತದೆ: ಸೀಟು ಖಾಲಿಯೇ ಎಂದು ಡೇಟಾಬೇಸನ್ನು ಕೇಳು, ಖಾಲಿ ಇದ್ದರೆ ಇವರ ಹೆಸರು ಬರೆ. ನೋಡುವುದು ಒಂದು ಹೆಜ್ಜೆ, ಬರೆಯುವುದು ಇನ್ನೊಂದು. ಎರಡರ ನಡುವೆ ಹತ್ತು ಸೆಕೆಂಡ್ ಮಲಗಿಸಿ, ಎರಡು ಬ್ರೌಸರಿನಿಂದ ಬುಕ್ ಮಾಡಿ. ಇಬ್ಬರಿಗೂ ಶುಭ ಪ್ರಯಾಣ ಎಂದು ಸಂದೇಶ ಬರುತ್ತದೆ. ಡೇಟಾಬೇಸಿನಲ್ಲಿ ಎರಡನೆಯವರ ಹೆಸರು ಉಳಿದಿರುತ್ತದೆ. ಮೊದಲಿನವರು ಬ್ಯಾಗು ಹೊತ್ತು ಮೆಜೆಸ್ಟಿಕ್‌ಗೆ ಬರುತ್ತಾರೆ.

ಇಲ್ಲಿ ಹೆಚ್ಚಿನವರು ಟ್ರಾನ್ಸಾಕ್ಷನ್ ಅಧ್ಯಾಯಕ್ಕೆ ಓಡುತ್ತಾರೆ. ಟ್ರಾನ್ಸಾಕ್ಷನ್ ಎಂದರೆ ಆದರೆ ಪೂರ್ತಿ ಆಗಬೇಕು, ಇಲ್ಲವಾದರೆ ಏನೂ ಆಗಬಾರದು. ಆ ಭರವಸೆಯಲ್ಲಿ ಮೆಥಡ್ಡಿನ ಮೇಲೆ ಟ್ರಾನ್ಸಾಕ್ಷನಲ್ ಎಂಬ ಅನೊಟೇಶನ್, ಅಂದರೆ ಕೋಡಿಗೆ ಅಂಟಿಸುವ ಸೂಚನೆಯ ಚೀಟಿ ಬರೆದು ಮತ್ತೆ ಪ್ರಯೋಗ ಮಾಡಿ. ಏನೂ ಬದಲಾಗುವುದಿಲ್ಲ! ಇಬ್ಬರಿಗೂ ಮತ್ತೆ ಅದೇ ಸೀಟು. ನನ್ನ ಅನುಭವದಲ್ಲಿ ಇಡೀ ವಿಷಯದಲ್ಲೇ ಅತಿ ಹೆಚ್ಚು ಕಲಿಸುವ ಗಳಿಗೆ ಇದು. ಪುಸ್ತಕ ಎಸಿಐಡಿ (ಅಟಾಮಿಸಿಟಿ, ಕನ್ಸಿಸ್ಟೆನ್ಸಿ, ಐಸೋಲೇಶನ್, ಡ್ಯುರಬಿಲಿಟಿ) ಎಂಬ ನಾಲ್ಕು ಅಕ್ಷರ ಹೇಳಿಕೊಟ್ಟಿರುತ್ತದೆ. 1983ರಲ್ಲಿ ಥಿಯೋ ಹೆರ್ಡರ್ ಮತ್ತು ಆಂದ್ರೆಯಾಸ್ ರಾಯ್ಟರ್ ಕೊಟ್ಟ ಹೆಸರು ಅದು. ಮೊದಲನೆಯ ಅಕ್ಷರ, ಪೂರ್ತಿ ಅಥವಾ ಇಲ್ಲ ಎಂಬುದು, ಎಲ್ಲರಿಗೂ ನೆನಪಿರುತ್ತದೆ. ಮೂರನೆಯದಾದ ಐಸೋಲೇಶನ್, ಅಂದರೆ ಒಟ್ಟಿಗೆ ಓಡುವ ಎರಡು ಟ್ರಾನ್ಸಾಕ್ಷನ್‌ಗಳಲ್ಲಿ ಒಂದು ಇನ್ನೊಂದರ ಕಣ್ಣಿಗೆ ಎಷ್ಟು ಬೀಳುತ್ತದೆ ಎಂಬುದು, ಪರೀಕ್ಷೆಗೆ ಬಾಯಿಪಾಠವಾಗಿ ಮರೆತುಹೋಗಿರುತ್ತದೆ.

ಡೇಟಾಬೇಸುಗಳು ವೇಗಕ್ಕಾಗಿ ಪೂರ್ತಿ ಪ್ರತ್ಯೇಕತೆಯನ್ನು ತಾವಾಗಿ ಕೊಡುವುದಿಲ್ಲ. ಪೋಸ್ಟ್‌ಗ್ರೆಸ್ ಎಂಬ ಡೇಟಾಬೇಸಿನಲ್ಲಿ ಹೇಳದೆ ಸಿಗುವ ಪ್ರತ್ಯೇಕತೆಯ ಮಟ್ಟ ರೀಡ್ ಕಮಿಟೆಡ್, ಮೈಎಸ್‌ಕ್ಯುಎಲ್‌ನಲ್ಲಿ ರಿಪೀಟಬಲ್ ರೀಡ್. ಎರಡರಲ್ಲೂ ಸುಮ್ಮನೆ ಓದಿದರೆ ಸಾಲಿಗೆ ಬೀಗ ಬೀಳುವುದಿಲ್ಲ. ಇಬ್ಬರೂ ಖಾಲಿ ಎಂದು ಓದಿಕೊಂಡರು. ಇಬ್ಬರೂ ತಮ್ಮ ತಮ್ಮ ಟ್ರಾನ್ಸಾಕ್ಷನ್ನನ್ನು ಪೂರ್ತಿ ಮಾಡಿದರು. ಪೂರ್ತಿ ಆಗಬೇಕು ಎಂಬ ಮಾತು ಎರಡು ಸಲವೂ ನಡೆಯಿತು, ಸೀಟು ಮಾತ್ರ ಒಂದೇ.

ಬಿಡಿಸುವ ದಾರಿ ಹಲವಿವೆ. ನನಗೆ ಬಹಳ ಇಷ್ಟವಾದದ್ದು ಎಲ್ಲಕ್ಕಿಂತ ಸರಳವಾದದ್ದು: ಎರಡು ಹೆಜ್ಜೆಯನ್ನು ಒಂದೇ ಮಾಡುವುದು. ಸೀಟು ಸಂಖ್ಯೆ 14 ಆಗಿದ್ದು, ಸ್ಥಿತಿ ಇನ್ನೂ ಖಾಲಿ ಎಂದಿದ್ದರೆ ಮಾತ್ರ ಇವರ ಹೆಸರು ಬರೆ ಎಂದು ಒಂದೇ ಅಪ್‌ಡೇಟ್ ಆದೇಶ ಕೊಡಿ. ಎಷ್ಟು ಸಾಲು ಬದಲಾಯಿತು ಎಂದು ಡೇಟಾಬೇಸ್ ಹೇಳುತ್ತದೆ. ಬರೆಯುವಾಗ ಸಾಲಿಗೆ ಬೀಗ ಬೀಳುವುದರಿಂದ ಎರಡನೆಯವರು ಕಾಯುತ್ತಾರೆ. ಮೊದಲಿನವರದು ಮುಗಿದ ಮೇಲೆ ಷರತ್ತನ್ನು ಡೇಟಾಬೇಸ್ ಹೊಸದಾಗಿ ನೋಡುತ್ತದೆ, ಸೀಟು ಖಾಲಿಯಿಲ್ಲ, ಉತ್ತರ ಸೊನ್ನೆ. ಒಂದು ಬಂದವರಿಗೆ ಟಿಕೆಟ್, ಸೊನ್ನೆ ಬಂದವರಿಗೆ ಕ್ಷಮೆ.

ಪುಸ್ತಕದಲ್ಲಿ ಆಪ್ಟಿಮಿಸ್ಟಿಕ್ ಲಾಕಿಂಗ್ ಎಂದು ದೊಡ್ಡ ಹೆಸರಿನಲ್ಲಿ ಬರುವುದು ಇದರದ್ದೇ ಇನ್ನೊಂದು ರೂಪ. ಪ್ರತಿ ಸಾಲಿಗೂ ಒಂದು ಆವೃತ್ತಿ ಸಂಖ್ಯೆ ಇಟ್ಟು, ನಾನು ಓದಿದಾಗ ಇದ್ದ ಸಂಖ್ಯೆಯೇ ಈಗಲೂ ಇದ್ದರೆ ಬರೆ, ಸಂಖ್ಯೆಯನ್ನು ಒಂದು ಹೆಚ್ಚಿಸು ಎನ್ನುವುದು. ಪೆಸಿಮಿಸ್ಟಿಕ್ ಎಂದರೆ ಓದುವಾಗಲೇ ಬೀಗ ಹಾಕಿಕೊಳ್ಳುವುದು. ಇವುಗಳ ಜೊತೆಗೆ, ಬಸ್ಸಿನ ಟ್ರಿಪ್ಪು ಮತ್ತು ಸೀಟು ಸಂಖ್ಯೆಯ ಜೋಡಿ ಎರಡು ಸಲ ಬರಬಾರದು ಎಂಬ ಯುನೀಕ್ ಕಟ್ಟಳೆಯನ್ನು ಬುಕಿಂಗ್ ಟೇಬಲ್ಲಿಗೇ ಹಾಕಿಬಿಡಿ. ನಾಳೆ ಬೇರೆ ಯಾರೋ ಬಂದು ಬೇರೆ ದಾರಿಯಿಂದ ಬುಕಿಂಗ್ ಬರೆದರೂ ಡೇಟಾಬೇಸ್ ಒಪ್ಪುವುದಿಲ್ಲ.

ಟ್ರಾನ್ಸಾಕ್ಷನಲ್ ಅನೊಟೇಶನ್ ಬಗ್ಗೆ ಇನ್ನೆರಡು ಮಾತು, ಯಾಕೆಂದರೆ ಪುಸ್ತಕಗಳು ಇವನ್ನು ಒಂದೊಂದು ಸಾಲಿನಲ್ಲಿ ದಾಟಿಬಿಡುತ್ತವೆ. ಸ್ಪ್ರಿಂಗ್ ಆ ಮೆಥಡ್ಡಿನ ಮುಂದೆ ಪ್ರಾಕ್ಸಿ ಎಂಬ ಕಾವಲುಗಾರನನ್ನು ನಿಲ್ಲಿಸುತ್ತದೆ, ಹೊರಗಿನಿಂದ ಬಂದವರಿಗೆ ಅವನು ಟ್ರಾನ್ಸಾಕ್ಷನ್ ತೆರೆದು ಮುಚ್ಚುತ್ತಾನೆ. ಅದೇ ಕ್ಲಾಸಿನ ಇನ್ನೊಂದು ಮೆಥಡ್ ಒಳಗಿನಿಂದಲೇ ಕರೆದರೆ ಅವನ ಕಣ್ಣಿಗೆ ಬೀಳುವುದೇ ಇಲ್ಲ, ಟ್ರಾನ್ಸಾಕ್ಷನ್ ಶುರುವಾಗುವುದಿಲ್ಲ. ಎರಡನೆಯದು, ಬೇರೆ ಹೇಳದಿದ್ದರೆ ರನ್‌ಟೈಮ್ ಎಕ್ಸೆಪ್ಶನ್ ಅಥವಾ ಎರರ್ ಬಂದಾಗ ಮಾತ್ರ ರೋಲ್‌ಬ್ಯಾಕ್, ಅಂದರೆ ಮಾಡಿದ್ದನ್ನೆಲ್ಲ ರದ್ದು ಮಾಡುವುದು. ಹಿಡಿಯಿರಿ ಅಥವಾ ಘೋಷಿಸಿ ಎಂದು ಕಂಪೈಲರ್ ಒತ್ತಾಯಿಸುವ ಚೆಕ್ಡ್ ಎಕ್ಸೆಪ್ಶನ್ ಬಂದರೆ ಅರ್ಧ ಆದ ಕೆಲಸ ಕಮಿಟ್ ಆಗುತ್ತದೆ, ಅಂದರೆ ಡೇಟಾಬೇಸಿನಲ್ಲಿ ಕಾಯಂ ಆಗುತ್ತದೆ. ಎರಡನ್ನೂ ಮಾಡಿ ನೋಡಿ, ತಲಾ ಕಾಲು ಗಂಟೆ ಸಾಕು.

ದುಡ್ಡು ಕಟ್ ಆಯ್ತು, ಟಿಕೆಟ್ ಬರಲಿಲ್ಲ

ಈ ಮಾತು ಹೇಳದವರು ನಮ್ಮಲ್ಲಿ ಕಡಿಮೆ. ಇದು ಯಾಕಾಗುತ್ತದೆ ಎಂಬುದು ಪುಸ್ತಕದ ಕೊನೆಯ ಭಾಗದ ಕಷ್ಟದ ಅಧ್ಯಾಯಗಳಲ್ಲಿ ಅಡಗಿದೆ.

ದುಡ್ಡು ಕಟ್ಟಲು ಪ್ರಯಾಣಿಕರಿಗೆ ಮೂರ್ನಾಲ್ಕು ನಿಮಿಷ ಬೇಕು. ಒಟಿಪಿ ಬರಬೇಕು, ಯುಪಿಐ ಪಿನ್ ಹಾಕಬೇಕು. ಅಷ್ಟು ಹೊತ್ತು ಡೇಟಾಬೇಸಿನ ಬೀಗ ಹಿಡಿದು ಕೂತರೆ ಹತ್ತು ಕನೆಕ್ಷನ್ ಹತ್ತು ಜನರಲ್ಲೇ ಮುಗಿದುಹೋಗುತ್ತದೆ. ಆದ್ದರಿಂದ ಸೀಟಿಗೆ ಖಾಲಿ, ಬುಕ್ ಆಗಿದೆ ಎಂಬ ಎರಡರ ನಡುವೆ ಮೂರನೆಯ ಸ್ಥಿತಿಯೊಂದನ್ನು ಇಡಬೇಕು: ಇವರಿಗಾಗಿ ಇಷ್ಟು ಗಂಟೆಯವರೆಗೆ ಕಾದಿರಿಸಿದೆ. ಟ್ರಾನ್ಸಾಕ್ಷನ್ ಚಿಟಿಕೆಯಲ್ಲಿ ಮುಗಿಯುತ್ತದೆ, ಕಾಯುವ ಕೆಲಸವನ್ನು ಟೇಬಲ್ಲಿನ ಸಾಲು ಮಾಡುತ್ತದೆ. ಟಿಕೆಟ್ ಸೈಟಿನಲ್ಲಿ ಮೇಲ್ಗಡೆ ಸೆಕೆಂಡುಗಳು ಇಳಿಯುತ್ತಿರುವುದನ್ನು ಕಂಡಿರುತ್ತೀರಿ, ಅದು ಈ ಸಾಲಿನ ಅವಧಿ.

ಇನ್ನು ದುಡ್ಡು. ಅದು ಇರುವುದು ಬ್ಯಾಂಕಿನಲ್ಲಿ, ನಮ್ಮ ಡೇಟಾಬೇಸಿನಲ್ಲಲ್ಲ. ನಮ್ಮ ರೋಲ್‌ಬ್ಯಾಕ್ ಅಲ್ಲಿಯವರೆಗೆ ಕೈಚಾಚಲಾರದು. ಎರಡು ಡೇಟಾಬೇಸುಗಳನ್ನು ಒಟ್ಟಿಗೆ ಕಮಿಟ್ ಮಾಡಿಸುವ ಟೂ ಫೇಸ್ ಕಮಿಟ್ ಎಂಬ ವಿಧಾನ ಪುಸ್ತಕದಲ್ಲಿರುತ್ತದೆ, ಎರಡೂ ನಮ್ಮ ಕೈಯಲ್ಲಿದ್ದರೆ ಅದು ನಡೆಯುತ್ತದೆ. ಇಂಟರ್ನೆಟ್ಟಿನ ಆಚೆಗಿರುವ ಪೇಮೆಂಟ್ ಗೇಟ್‌ವೇ ನಮ್ಮ ಮಾತಿಗೆ ಹಾಗೆ ನಿಂತು ಕಾಯುವುದಿಲ್ಲ. ನಾವು ಕೇಳಿದೆವು, ಗೇಟ್‌ವೇ ದುಡ್ಡು ತೆಗೆದುಕೊಂಡಿತು, ಉತ್ತರ ಬರುವ ದಾರಿಯಲ್ಲಿ ನೆಟ್‌ವರ್ಕ್ ಹೋಯಿತು. ನಮಗೆ ತಿಳಿದದ್ದು ಉತ್ತರ ಬರಲಿಲ್ಲ ಎಂದಷ್ಟೇ. ಉತ್ತರ ಬರಲಿಲ್ಲ ಎಂದರೆ ಕೆಲಸ ಆಗಲಿಲ್ಲ ಎಂದು ಬರೆದುಕೊಂಡ ಕೋಡು ಸೀಟನ್ನು ಬಿಟ್ಟುಕೊಡುತ್ತದೆ. ದುಡ್ಡು ಹೋಯಿತು, ಟಿಕೆಟ್ ಇಲ್ಲ.

ಒಳ್ಳೆಯ ಕೋಡು ಇಲ್ಲಿ ಗೊತ್ತಿಲ್ಲ ಎಂಬುದನ್ನೂ ಒಂದು ಸ್ಥಿತಿಯಾಗಿ ಬರೆದಿಡುತ್ತದೆ. ಆಮೇಲೆ ಗೇಟ್‌ವೇಯನ್ನು ಮತ್ತೆ ವಿಚಾರಿಸುತ್ತದೆ, ಅಥವಾ ಗೇಟ್‌ವೇ ತಾನಾಗಿ ಕಳಿಸುವ ವೆಬ್‌ಹುಕ್ ಸಂದೇಶಕ್ಕೆ ಕಾಯುತ್ತದೆ. ಆ ಸಂದೇಶ ಎರಡು ಸಲವೂ ಬರಬಹುದು. ಪಾವತಿ ಸಂಖ್ಯೆಯನ್ನು ನೋಡಿ, ಇದನ್ನು ಆಗಲೇ ಲೆಕ್ಕಕ್ಕೆ ತೆಗೆದುಕೊಂಡಾಗಿದೆ ಎಂದು ಎರಡನೆಯದನ್ನು ಬಿಡಬೇಕು. ಎಷ್ಟು ಸಲ ಮಾಡಿದರೂ ಫಲ ಒಂದೇ ಇರಲಿ ಎಂಬ ಈ ಗುಣಕ್ಕೆ ಇಡೆಂಪೊಟೆನ್ಸಿ ಎಂದು ಹೆಸರು. ಸೀಟು ಅಷ್ಟರಲ್ಲಿ ಬೇರೆಯವರಿಗೆ ಹೋಗಿದ್ದರೆ ದುಡ್ಡನ್ನು ಹಿಂದಿರುಗಿಸುವ ಹೊಸ ವ್ಯವಹಾರ ಶುರುವಾಗಬೇಕು. ಆದದ್ದನ್ನು ಆಗಲೇ ಇಲ್ಲ ಎನ್ನಲಾಗದು, ಅದಕ್ಕೆ ಪ್ರತಿಯಾಗಿ ಇನ್ನೊಂದನ್ನು ಮಾಡಬಹುದು. ಮರುಪಾವತಿಗೆ ದಿನಗಳು ಹಿಡಿಯುವುದಕ್ಕೆ ಇದೂ ಒಂದು ಕಾರಣ.

ಪದರಗಳು ಮತ್ತು ಡಿಪೆಂಡೆನ್ಸಿ ಇಂಜೆಕ್ಷನ್ ಯಾಕೆ ಬೇಕು ಎಂಬುದೂ ಇಲ್ಲೇ ತಿಳಿಯುತ್ತದೆ. ದರ್ಶಿನಿಯಲ್ಲಿ ಬಿಲ್ ಬರೆಯುವವರು ದೋಸೆ ಹುಯ್ಯುವುದಿಲ್ಲ, ದೋಸೆ ಹುಯ್ಯುವವರು ಉಗ್ರಾಣದ ಲೆಕ್ಕ ಬರೆಯುವುದಿಲ್ಲ. ಹಾಗೆಯೇ ರಿಕ್ವೆಸ್ಟ್ ಪಡೆಯುವ ಕಂಟ್ರೋಲರ್, ಕೆಲಸ ಮಾಡುವ ಸರ್ವಿಸ್, ಡೇಟಾಬೇಸ್ ನೋಡಿಕೊಳ್ಳುವ ರೆಪಾಸಿಟರಿ. ಡಿಪೆಂಡೆನ್ಸಿ ಇಂಜೆಕ್ಷನ್ ಎಂದರೆ ಒಂದಕ್ಕೆ ಬೇಕಾದ ಇನ್ನೊಂದನ್ನು ಹೊರಗಿನಿಂದ ಕೊಡುವುದು. ಬುಕಿಂಗ್ ಸರ್ವಿಸ್ ತನಗೆ ಬೇಕಾದ ಪಾವತಿ ಆಬ್ಜೆಕ್ಟನ್ನು ತಾನೇ ಸೃಷ್ಟಿಸಿಕೊಳ್ಳದೆ ಕನ್‌ಸ್ಟ್ರಕ್ಟರಿನಲ್ಲಿ ಪಡೆದುಕೊಂಡರೆ, ಪರೀಕ್ಷೆಯ ದಿನ ದುಡ್ಡು ತೆಗೆದುಕೊಂಡು ಉತ್ತರ ಕೊಡದ ಒಂದು ನಕಲಿ ಗೇಟ್‌ವೇಯನ್ನು ಅದರ ಕೈಗೆ ಕೊಡಬಹುದು. ನಿಜವಾದ ದುಡ್ಡು ಒಂದು ರೂಪಾಯಿಯೂ ಹೋಗದೆ, ಮೇಲಿನ ಇಡೀ ಅವಾಂತರವನ್ನು ಸಾವಿರ ಸಲ ನಡೆಸಿ ನೋಡಬಹುದು. ಪುಸ್ತಕದ ಆ ಅಧ್ಯಾಯ ಅನೊಟೇಶನ್‌ಗಳ ಪಟ್ಟಿಯಾಗಿ ಕಂಡರೆ, ಈ ಒಂದು ಪರೀಕ್ಷೆ ಬರೆದು ಮತ್ತೆ ಓದಿ.

ಇನ್ನು ಕೆಲವನ್ನು ಓಡುತ್ತ ಹೇಳುತ್ತೇನೆ. ಟೇಬಲ್ಲಿನ ಸಾಲುಗಳನ್ನು ಜಾವಾ ಆಬ್ಜೆಕ್ಟುಗಳಾಗಿಸುವ ಹೈಬರ್ನೇಟ್ ಬಳಸುವಾಗ ಎಸ್‌ಕ್ಯುಎಲ್ ಲಾಗ್ ಹಾಕಿಕೊಳ್ಳಿ, ಡೇಟಾಬೇಸಿಗೆ ಹೋಗುವ ಕ್ವೆರಿಗಳು ಕಾಣುತ್ತವೆ. 40 ಬುಕಿಂಗ್ ತೋರಿಸುವ ಪುಟಕ್ಕೆ ಒಂದು ಕ್ವೆರಿ ಹೋಗಿ, ಆಮೇಲೆ ಪ್ರತಿ ಪ್ರಯಾಣಿಕರಿಗೂ ಒಂದೊಂದರಂತೆ ಇನ್ನೂ 40 ಹೋಗುವುದನ್ನು ಕಂಡರೆ, ಬೇಕಾದಾಗ ಮಾತ್ರ ಡೇಟಾ ತರುವ ಲೇಜಿ ಲೋಡಿಂಗ್‌ನ ಅಧ್ಯಾಯ ತಾನಾಗಿ ತೆರೆದುಕೊಳ್ಳುತ್ತದೆ. ಬಳಕೆದಾರರು ಕೊಟ್ಟ ಪಠ್ಯವನ್ನು ಎಸ್‌ಕ್ಯುಎಲ್ ವಾಕ್ಯಕ್ಕೆ ಅಂಟಿಸಬೇಡಿ, ಬಳಕೆದಾರರ ಪಠ್ಯಕ್ಕೆ ಜಾಗ ಬಿಟ್ಟು ಮೊದಲೇ ಸಿದ್ಧಪಡಿಸಿದ ವಾಕ್ಯ, ಅಂದರೆ ಪ್ರಿಪೇರ್ಡ್ ಸ್ಟೇಟ್‌ಮೆಂಟ್ ಬಳಸಿ. ಟಿಕೆಟ್ ತೋರಿಸುವ ವಿಳಾಸದಲ್ಲಿ 501 ಇರುವಲ್ಲಿ 502 ಹಾಕಿ ನೋಡಿ. ಬೇರೆಯವರ ಟಿಕೆಟ್ ಕಂಡರೆ ನಿಮ್ಮ ಕೋಡು ಬಂದವರು ಯಾರು ಎಂದು ಕೇಳಿದೆ, ಇದನ್ನು ನೋಡುವ ಹಕ್ಕು ಅವರಿಗಿದೆಯೇ ಎಂದು ಕೇಳಿಲ್ಲ.

ಅವೆನ್ಯೂ ರಸ್ತೆಯ ಹಳೇ ಪುಸ್ತಕ

ಹೊಸ ಪುಸ್ತಕದ ಬೆಲೆ ಎಲ್ಲರ ಕೈಗೆಟಕುವುದಿಲ್ಲ. ಅವೆನ್ಯೂ ರಸ್ತೆಯಲ್ಲಿ ಕೊಂಡ, ಸೀನಿಯರ್ ಕೊಟ್ಟುಹೋದ ಹತ್ತು ವರ್ಷ ಹಳೆಯ ಪುಸ್ತಕ ಓದಬಹುದೇ ಎಂದು ಬಹಳ ಜನ ಕೇಳುತ್ತಾರೆ. ಧಾರಾಳವಾಗಿ ಓದಿ. ಸೆಷನ್, ಥ್ರೆಡ್, ಪೂಲ್, ಐಸೋಲೇಶನ್ ಇವು ಅಂದೂ ಇಂದೂ ಒಂದೇ. ಹಳೆಯದಾಗುವುದು ಹೆಸರುಗಳು, ಅದರಲ್ಲೂ ಒಂದು ಹೆಸರು ಹೊಸಬರನ್ನು ಮೊದಲ ದಿನವೇ ಕಂಗೆಡಿಸುತ್ತದೆ.

ಸನ್ ಕಂಪನಿಯನ್ನು 2010ರಲ್ಲಿ ಒರಾಕಲ್ ಕೊಂಡಿತು. 2017ರಲ್ಲಿ ಎಂಟರ್‌ಪ್ರೈಸ್ ಜಾವಾವನ್ನು ಎಕ್ಲಿಪ್ಸ್ ಫೌಂಡೇಶನ್‌ಗೆ ಒಪ್ಪಿಸುವುದಾಗಿ ಹೇಳಿತು, ಮುಂದಿನ ವರ್ಷ ಅದಕ್ಕೆ ಜಕಾರ್ತಾ ಇಇ ಎಂದು ಹೆಸರಾಯಿತು. ಜಾವಾಎಕ್ಸ್ ಎಂಬ ಪ್ಯಾಕೇಜ್ ಹೆಸರಿನ ಹಕ್ಕಿನ ಬಗ್ಗೆ ಎರಡು ಕಡೆಯವರಿಗೂ ಒಪ್ಪಂದ ಆಗಲಿಲ್ಲ. ಹಾಗಾಗಿ 2020ರ ಡಿಸೆಂಬರಿನ ಜಕಾರ್ತಾ ಇಇ 9ರಲ್ಲಿ ಜಾವಾಎಕ್ಸ್ ಎಂದು ಶುರುವಾಗುತ್ತಿದ್ದ ಎಂಟರ್‌ಪ್ರೈಸ್ ಪ್ಯಾಕೇಜುಗಳೆಲ್ಲ ಜಕಾರ್ತಾ ಎಂದು ಶುರುವಾದವು. ಟಾಮ್‌ಕ್ಯಾಟ್ 9 ಹಳೆಯ ಹೆಸರನ್ನು, 10 ಹೊಸದನ್ನು ಬಲ್ಲದು. 2022ರ ನವೆಂಬರಿನಲ್ಲಿ ಬಂದ ಸ್ಪ್ರಿಂಗ್ ಬೂಟ್ 3 ಕೂಡ ಹೊಸ ಹೆಸರಿಗೆ ಹೋಯಿತು, ಅದಕ್ಕೆ ಜಾವಾ 17 ಅಥವಾ ಮುಂದಿನದು ಬೇಕು. ಹಳೇ ಪುಸ್ತಕದ ಕೋಡನ್ನು ಟಾಮ್‌ಕ್ಯಾಟ್ 10ಕ್ಕೆ ಹಾಕಿದರೆ ಕಂಪೈಲ್ ಆಗುವುದಿಲ್ಲ, ಹಳೆಯ ಲೈಬ್ರರಿ ಇಟ್ಟುಕೊಂಡು ಕಂಪೈಲ್ ಮಾಡಿದ್ದರೆ ಪುಟ 404, ಅಂದರೆ ಸಿಗಲಿಲ್ಲ ಎನ್ನಬಹುದು. ಪುಸ್ತಕವೂ ಸರಿಯಿದೆ, ನೀವು ಟೈಪ್ ಮಾಡಿದ್ದೂ ಸರಿಯಿದೆ. ಟಾಮ್‌ಕ್ಯಾಟ್ 9 ಹಾಕಿಕೊಳ್ಳಿ, ಅಥವಾ ಇಂಪೋರ್ಟ್ ಸಾಲುಗಳಲ್ಲಿ ಹೆಸರು ಬದಲಿಸಿ. ಬದಲಿಸುವಾಗ ಒಂದು ಎಚ್ಚರ: ಸರ್ವ್‌ಲೆಟ್, ಪರ್ಸಿಸ್ಟೆನ್ಸ್ ಪ್ಯಾಕೇಜುಗಳು ಬದಲಾದವು, ಡೇಟಾಸೋರ್ಸ್ ಇರುವ ಜಾವಾಎಕ್ಸ್ ಎಸ್‌ಕ್ಯುಎಲ್ ಪ್ಯಾಕೇಜ್ ಮೂಲ ಜಾವಾಕ್ಕೆ ಸೇರಿದ್ದು, ಅದು ಹಾಗೇ ಉಳಿದಿದೆ. ಎಲ್ಲವನ್ನೂ ಒಟ್ಟಿಗೆ ಹುಡುಕಿ ಬದಲಿಸಿದರೆ ಅದು ಮುರಿಯುತ್ತದೆ.

ಇಂಥ ಕಡೆ ಪರದೆ ತುಂಬ ಕೆಂಪು ಅಕ್ಷರದ ಇಂಗ್ಲಿಷ್ ಸುರಿಯುತ್ತದೆ. ಕನ್ನಡ ಮಾಧ್ಯಮದಲ್ಲಿ ಓದಿ ಬಂದವರು ಅದನ್ನು ಕಂಡೊಡನೆ ಭಾಷೆಯ ಕೊರತೆ ಎಂದು ಹಿಂಜರಿಯುವುದನ್ನು ನೋಡಿದ್ದೇನೆ. ಆ ನೂರು ಸಾಲಿನಲ್ಲಿ ಓದಬೇಕಾದದ್ದು ಎರಡೇ. ಕೆಳಗಿನಿಂದ ಮೇಲಕ್ಕೆ ಬನ್ನಿ, ಕಾಸ್ಡ್ ಬೈ ಎಂದು ಶುರುವಾಗುವ ಸಾಲುಗಳಲ್ಲಿ ಎಲ್ಲಕ್ಕಿಂತ ಕೆಳಗಿನದು ಮೊದಲನೆಯದು, ಮೂಲ ಕಾರಣ ಅಲ್ಲಿರುತ್ತದೆ. ಅದರ ಕೆಳಗಿನ ಸಾಲುಗಳಲ್ಲಿ ನಿಮ್ಮ ಸ್ವಂತ ಪ್ಯಾಕೇಜಿನ ಹೆಸರು ಮೊದಲು ಎಲ್ಲಿ ಬರುತ್ತದೋ ಅದು ಎರಡನೆಯದು. ಸಾಲಿನ ಕೊನೆಯಲ್ಲಿ ಫೈಲಿನ ಹೆಸರು, ಅದರ ಪಕ್ಕದಲ್ಲಿ ಒಂದು ಅಂಕಿ ಇರುತ್ತದೆ. ಆ ಫೈಲನ್ನು ತೆರೆದು ಆ ಅಂಕಿಯ ಸಾಲಿಗೆ ಹೋಗಿ.